ನಾನೂರ ಹನ್ನೆರಡು ಸಹಿ

ಗಂಜಿ ಗಂಟಲಿನಿಂದ ಕೆಳಗಿಳಿಯಲಿಲ್ಲ. ಓಟ್ಸ್ ಚೆನ್ನಾಗಿಯೇ ಬೆಂದಿತ್ತು, ಕೆಜಾಯಾ ಎಂದಿನಂತೆ ಮೇಲೆ ಎರಡು ಚಮಚ ಕಾಕಂಬಿ ಸುರಿದಿದ್ದಳು, ಆದರೂ ಜೇಬೆಜ್ ಹಾರ್ಸ್‌ಫಾಲ್ ಚಮಚವನ್ನು ಬಟ್ಟಲಿನ ಈ ಅಂಚಿನಿಂದ ಆ ಅಂಚಿಗೆ ಎಳೆಯುತ್ತ ಕೂತಿದ್ದ. ಹತ್ತು ಗಂಟೆಗೆ ಟೌನ್‌ಹಾಲಿನಲ್ಲಿ ಮತದಾರರ ಪಟ್ಟಿಯ ಕೋರ್ಟು. ಮೂರು ಗಂಟೆಗೆ ಚಾಪೆಲ್ ಎಂಬ ಪ್ರಾರ್ಥನಾಮಂದಿರದ ಕೆಳಗಿನ ಭಾನುವಾರದ ಶಾಲೆಯಲ್ಲಿ ಲಿಬರಲ್ ಸಂಘದ ವಾರ್ಷಿಕ ಸಭೆ. ಹತ್ತಕ್ಕೆ ಸಿಮಿಯನ್ ಲಂಬ್ ಎಂಬ ಎಪ್ಪತ್ತೆರಡು ವರ್ಷದ ಮುದುಕನ ಮತ ಉಳಿಯುತ್ತದೋ ಹೋಗುತ್ತದೋ ಗೊತ್ತಾಗುತ್ತದೆ. ಮೂರಕ್ಕೆ ಜೇಬೆಜ್‌ನ ಅಧ್ಯಕ್ಷಗಿರಿ ಇನ್ನೊಂದು ವರ್ಷಕ್ಕೆ ಉಳಿಯುತ್ತದೋ ಹೋಗುತ್ತದೋ ಗೊತ್ತಾಗುತ್ತದೆ. ಎರಡಕ್ಕೂ ಸಂಬಂಧವಿಲ್ಲ ಎಂದು ಅವನು ಎದ್ದಾಗಿನಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಸಂಬಂಧವಿಲ್ಲದಿದ್ದರೆ ಅಷ್ಟು ಸಲ ಹೇಳಿಕೊಳ್ಳುವ ಅಗತ್ಯ ಏನಿತ್ತು ಎಂಬುದು ಅವನಿಗೂ ಹೊಳೆಯದೆ ಇರಲಿಲ್ಲ. ಪಕ್ಕದ ತನ್ನ ಅಂಗಡಿಯ ಕಡೆಯಿಂದ ಆಲ್ಡರ್ ಮರದ ಹಸಿ ವಾಸನೆ ಬರುತ್ತಿತ್ತು. ನಿನ್ನೆ ಒಂದು ಜೊತೆ ಮರದಟ್ಟೆಯ ಪಾದರಕ್ಷೆಗೆಂದು ಕೆತ್ತಿದ ಅಟ್ಟೆಗಳು ಎರಡೂ ಎಡಗಾಲಿನವೇ ಆಗಿಬಿಟ್ಟಿದ್ದವು. ಮೂವತ್ತು ವರ್ಷ ಇದೇ ಕೆಲಸ ಮಾಡಿದ ಕೈಯಿಂದ ಇಂಥ ತಪ್ಪು ಆದದ್ದು ಇದೇ ಮೊದಲು. ಎರಡನ್ನೂ ಒಲೆಗೆ ಹಾಕಿಬಿಡಬೇಕೆಂದುಕೊಂಡಿದ್ದ, ಹಾಕಿರಲಿಲ್ಲ.

ಕೆಜಾಯಾ ಕರಿ ಕೋಟನ್ನು ಬ್ರಷ್ಷಿನಿಂದ ಉಜ್ಜಿ ಕುರ್ಚಿಯ ಬೆನ್ನಿಗೆ ಹಾಕಿದಳು. ಅವಳು ಹೆಚ್ಚು ಮಾತಿನವಳಲ್ಲ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಗಂಡನ ಮನಸ್ಸಿನಲ್ಲಿ ಏನಿದೆ ಎಂದು ಕೇಳಿದ್ದು ಕಡಿಮೆ, ತಿಳಿದುಕೊಂಡಿದ್ದು ಹೆಚ್ಚು. ಅದೇ ಜೇಬೆಜ್‌ಗೆ ಕಷ್ಟವಾಗಿದ್ದುದು. ಕೇಳುವವರಿಗೆ ಏನಾದರೊಂದು ಹೇಳಿ ತಪ್ಪಿಸಿಕೊಳ್ಳಬಹುದು.

"ಸಿಮಿಯನ್ ಎದುರಿಗೆ ಬಂದ್ರೆ ಕಣ್ಣು ತಗ್ಗಿಸ್ಬೇಡಿ. ತಗ್ಗಿಸಿದ್ರೆ ಅವನಿಗೆ ಗೊತ್ತಾಗೋಗತ್ತೆ" ಎಂದಳು.

ಏನು ಗೊತ್ತಾಗಿಬಿಡುತ್ತದೆ ಎಂದು ಅವನು ಕೇಳಬೇಕಿತ್ತು. ತಪ್ಪಿಲ್ಲದ ಗಂಡಸು ಕೇಳುತ್ತಿದ್ದ. ಅವನು ಕೋಟಿನ ತೋಳಿಗೆ ಕೈ ತೂರಿಸಿ, ಟೊಪ್ಪಿಗೆ ಎತ್ತಿಕೊಂಡು, ಹೊರಗೆ ಚಳಿ ಇದೆಯೋ ಏನೋ ಎಂದು ಗೊಣಗಿ ಬಾಗಿಲು ದಾಟಿದ. ಸೆಪ್ಟೆಂಬರ್ ತಿಂಗಳ ಕೊನೆಯ ಶನಿವಾರ. ಮಿಲ್ಲುಗಳು ಒಂದು ಗಂಟೆಗೆ ನಿಲ್ಲುತ್ತವೆ, ಅಲ್ಲಿಯವರೆಗೆ ಇಡೀ ಕ್ಲೆಗ್‌ಡೆನ್ ಊರು ಕಾಲ ಕೆಳಗೆ ಸಣ್ಣಗೆ ನಡುಗುತ್ತಲೇ ಇರುತ್ತದೆ. ಮೂಲೆಯ ಮೀನಿನಂಗಡಿಯವನು ಟೊಪ್ಪಿಗೆ ಮುಟ್ಟಿ ನಮಸ್ಕರಿಸಿದ. ಎರಡು ವರ್ಷದ ಹಿಂದೆ, ಅಧ್ಯಕ್ಷನಾಗುವ ಮೊದಲು, ಇದೇ ಮನುಷ್ಯ ಹಾಳಾದ ಮೀನು ಕೊಟ್ಟು ಜಗಳವಾಡಿದ್ದ. ಪಾದರಕ್ಷೆ ಮಾಡುವವನೊಬ್ಬ ಮುನ್ನೂರರ ಅಧ್ಯಕ್ಷನಾದನಲ್ಲ ಎಂದು ಊರೇ ಮಾತಾಡಿಕೊಂಡಿತ್ತು. ಸಂಘದ ದೊಡ್ಡ ಸಭೆಯಲ್ಲಿ ಮುನ್ನೂರು ಜನ ಸದಸ್ಯರು, ಅದಕ್ಕೇ ಜನ ಅದನ್ನು ಮುನ್ನೂರು ಎಂದೇ ಕರೆಯುತ್ತಿದ್ದರು. ಅದರ ತಲೆಯ ಮೇಲೆ ಒಬ್ಬ ಕೆಲಸಗಾರ. ಆ ಮೊದಲ ಸಂಜೆ ಮನೆಗೆ ಬಂದು ಕೆಜಾಯಾಳಿಗೆ ಸುದ್ದಿ ಹೇಳಿದಾಗ ಟೊಪ್ಪಿಗೆ ತೆಗೆಯುವುದನ್ನೇ ಅವನು ಮರೆತಿದ್ದ. ಈಗ ಆ ಟೊಪ್ಪಿಗೆ ಮುಟ್ಟುವ ನಮಸ್ಕಾರ ಒಂದು ದಿನ ನಿಂತುಹೋದರೆ ಎಂಬ ಯೋಚನೆಯನ್ನೇ ಅವನು ಬೇಗ ಬೇಗ ದೂರ ತಳ್ಳುತ್ತಿದ್ದ. ಇಷ್ಟು ಬೇಗ ಇಷ್ಟು ಅಭ್ಯಾಸವಾಗುತ್ತದೆಂದು ಅವನು ಎಣಿಸಿರಲಿಲ್ಲ.

ಅಧ್ಯಕ್ಷಗಿರಿ ಎಂದರೆ ಭಾಷಣ ಎಂದು ಅವನು ತಿಳಿದಿದ್ದ. ಅದು ಸಹಿ ಎಂದು ಕಲಿಸಿದವನು ಟೆಂಪೆಸ್ಟ್, ಸಂಘ ಲೀಡ್ಸ್‌ನಿಂದ ಕರೆಸಿಕೊಂಡ ಸಂಬಳದ ಏಜೆಂಟ್. ಚುನಾವಣೆ ಗೆಲ್ಲುವುದು ಚುನಾವಣೆಯ ದಿನವಲ್ಲ, ಆಗಸ್ಟಿನಲ್ಲಿ ಎನ್ನುತ್ತಿದ್ದ ಅವನು. ಮತದಾರರ ಪಟ್ಟಿ ಟೌನ್‌ಹಾಲಿನ ಬಾಗಿಲಿಗೆ ಅಂಟಿದ ದಿನದಿಂದ ಎದುರು ಪಕ್ಷವಾದ ಟೋರಿಗಳ ಏಜೆಂಟ್ ನಮ್ಮವರ ಹೆಸರುಗಳ ಮೇಲೆ ಬೀಳುತ್ತಾನೆ, ನಾವು ಅವರ ಹೆಸರುಗಳ ಮೇಲೆ. ಇವನು ಮನೆ ಬದಲಾಯಿಸಿದ, ಇವನ ಮನೆಗೆ ಬೀದಿಗೆ ತೆರೆಯುವ ಸ್ವಂತ ಬಾಗಿಲಿಲ್ಲ, ಇವನು ಸತ್ತ, ಇವನು ಬಡವರ ಧರ್ಮಾರ್ಥ ಪಡೆದ. ಧರ್ಮಾರ್ಥ ಪಡೆದವನಿಗೆ, ಅದು ಒಂದು ಸೀಸೆ ಔಷಧವೇ ಆಗಿರಲಿ, ಆ ವರ್ಷದ ಪಟ್ಟಿಯಲ್ಲಿ ಜಾಗವಿಲ್ಲ, ಅದು ಕಾನೂನು. ಒಂದೊಂದು ಹೆಸರಿಗೂ ಒಂದೊಂದು ಆಕ್ಷೇಪಣೆಯ ಕಾಗದ, ಒಂದೊಂದು ಕಾಗದಕ್ಕೂ ಪಟ್ಟಿಯಲ್ಲಿರುವ ಒಬ್ಬ ಮತದಾರನ ಸ್ವಂತ ಕೈಯ ಸಹಿ. ಕ್ಲೆಗ್‌ಡೆನ್‌ನಲ್ಲಿ ಆ ಸಹಿ ಸಂಘದ ಅಧ್ಯಕ್ಷನದೇ ಆಗಿರಬೇಕೆಂಬುದು ಮೊದಲಿನಿಂದ ಬಂದ ಪದ್ಧತಿ. ಯಾರ ಮತ ಕೀಳಬೇಕು ಎನ್ನುವುದಕ್ಕೆ ಮನೆಮನೆ ಸುತ್ತಿ ತುಂಬಿದ ಪುಸ್ತಕವಿತ್ತು. ಅದರಲ್ಲಿ ಮೂರೇ ಗುರುತು: ನಮ್ಮವನು, ಅವರವನು, ಪ್ರಶ್ನೆ ಚಿಹ್ನೆ. ಅವರವರಿಗೂ ಪ್ರಶ್ನೆ ಚಿಹ್ನೆಯವರಿಗೂ ಕಾಗದ ಹೋಗುತ್ತದೆ. ಅಷ್ಟೇ ಲೆಕ್ಕ, ಅದರಲ್ಲಿ ಮುಖ ನೋಡುವುದಿಲ್ಲ ಎಂದು ಟೆಂಪೆಸ್ಟ್ ಹೆಮ್ಮೆಯಿಂದ ಹೇಳುತ್ತಿದ್ದ.

ಆಗಸ್ಟಿನ ಆ ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾನೂರ ಹನ್ನೆರಡು ಕಾಗದ. ಟೆಂಪೆಸ್ಟ್ ಎಡಕ್ಕೆ ಕೂತು ಕಾಗದ ತಳ್ಳುತ್ತಿದ್ದ, ಸಹಿಯಾದದ್ದನ್ನು ಎಳೆದು ಒತ್ತುಕಾಗದದಿಂದ ಒತ್ತುತ್ತಿದ್ದ. ನೂರು ದಾಟಿದ ಮೇಲೆ ಜೇಬೆಜ್ ಹಾರ್ಸ್‌ಫಾಲ್ ಎಂಬ ಹೆಸರು ಅವನದೇ ಹೆಸರೆನಿಸದೆ ಬರಿಯ ಗೆರೆಗಳಾಗಿತ್ತು. ಇದೆಲ್ಲ ನಿಜ. ಮೂರು ವಾರದ ಹಿಂದೆ ಸಿಮಿಯನ್‌ನ ಮನೆಗೆ ಹೋಗಿ, ಕೈಯಲ್ಲಿ ಟೊಪ್ಪಿಗೆ ತಿರುವುತ್ತ, ಅವನು ಹೇಳಿದ್ದೂ ಇದನ್ನೇ. ನಾನೂರು ಸಹಿ ಹಾಕಿದೆ, ಒಂದನ್ನೂ ಓದಲಿಲ್ಲ, ನಿನ್ನ ಹೆಸರು ಅದರಲ್ಲಿತ್ತು ಎಂದು ನಿನಗೆ ಕಾಗದ ಬಂದ ಮೇಲೇ ನನಗೆ ಗೊತ್ತಾಗಿದ್ದು. ಮುದುಕ ಆಗ ಒಲೆಯ ಮುಂದೆ ಕೂತು ಆಲೂಗಡ್ಡೆ ಸುಲಿಯುತ್ತಿದ್ದ. ಸಿಪ್ಪೆಯನ್ನು ತೆಳ್ಳಗೆ, ಒಂದೇ ಎಳೆಯಾಗಿ ತೆಗೆಯುವ ಕೈ. ಹೆಂಡತಿ ಹೋದ ಮೇಲೆ ಕಲಿತದ್ದು. ಕೈಯಲ್ಲಿದ್ದುದನ್ನು ಸುಲಿದು ಮುಗಿಸಿದ. ಆಮೇಲೆ ತಲೆ ಎತ್ತಿ, ಹಾಗೇ ಇರಬೇಕು ಅಂದುಕೊಂಡೆ, ನೀನು ಓದಿ ಹಾಕುವವನಲ್ಲ ಎಂದು ಹೇಳಿ, ಬಿಸಿ ಬಿಸಿ ಚಹಾ ಕೊಟ್ಟ. ಜೇಬೆಜ್ ಆ ಚಹಾ ಕುಡಿದ. ಕುಡಿದು, ಚೆನ್ನಾಗಿದೆ ಎಂದೂ ಹೇಳಿದ.

ಲಾರ್ಡ್ ಎಂಬವನ ಕಾಗದ ಆದ ಮೇಲೆ ಲಂಬ್ ಎಂಬ ಕಾಗದ ಬಂದಿತ್ತು. ಸಿಮಿಯನ್ ಲಂಬ್, ಒಂಬತ್ತನೆಯ ಮನೆ, ನೇಕಾರರ ಅಂಗಳ, ಕಾರಣ, ಧರ್ಮಾರ್ಥ. ಲೇಖನಿ ನಿಂತಿತು. ನಿಂತ ಕಡೆ ಮಸಿ ಸಣ್ಣ ಹನಿಯಾಗಿ ಸೇರುವಷ್ಟು ಹೊತ್ತು ನಿಂತಿತು. ಕೈ ನೋವೇ ಅಧ್ಯಕ್ಷರೇ ಎಂದು ಟೆಂಪೆಸ್ಟ್ ಕೇಳಿದ. ಇಲ್ಲ ಎಂದು ಜೇಬೆಜ್ ಸಹಿ ಹಾಕಿದ. ಅಷ್ಟೇ. ಅದರ ಮುಂದಿನ ಕಾಗದ ಯಾರದೆಂದು ಅವನಿಗೆ ನಿಜವಾಗಿಯೂ ನೆನಪಿಲ್ಲ. ಅದನ್ನು ಬೇಕಾದರೆ ಬೈಬಲ್ ಮುಟ್ಟಿ ಹೇಳಬಲ್ಲ.

ಟೌನ್‌ಹಾಲಿನ ಮೆಟ್ಟಿಲ ಬುಡದಲ್ಲಿ ಟೆಂಪೆಸ್ಟ್ ಕಾಯುತ್ತಿದ್ದ, ಬಗಲಲ್ಲಿ ಕಾಗದದ ಕಟ್ಟು. ಅವನು ಗೆಲುವಾಗಿದ್ದ. ಮೂರು ದಿನದ ಕೋರ್ಟಿನಲ್ಲಿ ಟೋರಿಗಳದು ನೂರ ತೊಂಬತ್ತು ಹೆಸರು ಹೋಗಿದೆ, ನಮ್ಮದು ಎಪ್ಪತ್ತು ಎಂದು ಬೆರಳು ಮಡಿಸಿ ತೋರಿಸಿದ. ಜೇಬೆಜ್ ಅದಕ್ಕೆ ಸಂತೋಷ ಪಡಬೇಕಾದಷ್ಟು ಪಟ್ಟು, ಲಂಬ್‌ನದು ಬಿಟ್ಟುಬಿಡಬಹುದೇ ಎಂದು ಕೇಳಿದ. ಕೇಳುವಾಗ ಮೆಟ್ಟಿಲನ್ನು ನೋಡುತ್ತಿದ್ದ. ಹಿಂತೆಗೆದುಕೊಳ್ಳಬೇಕಾದರೆ ಕೋರ್ಟಿಗೆ ಏಳು ದಿನ ಮೊದಲು ಬರೆದು ಕೊಡಬೇಕಿತ್ತು ಎಂದ ಟೆಂಪೆಸ್ಟ್. ಅದು ಜೇಬೆಜ್‌ಗೆ ಗೊತ್ತಿತ್ತು. ಗೊತ್ತಿದ್ದೂ ಆ ಏಳು ದಿನ ಬಂದು ಹೋಗಲು ಬಿಟ್ಟಿದ್ದ, ಏಕೆಂದರೆ ಹಿಂತೆಗೆದುಕೊಂಡರೆ ಸಮಿತಿಗೆ ಕಾರಣ ಹೇಳಬೇಕು, ಸಮಿತಿಯಲ್ಲಿ ಡೆನ್ಬಿ ಇದ್ದಾನೆ. ಮಿಲ್ ಮಾಲೀಕನ ಅಳಿಯ, ಅಧ್ಯಕ್ಷನ ಕುರ್ಚಿಯ ಮೇಲೆ ಕಣ್ಣಿಟ್ಟವನು.

"ಈಗಲೂ ಒಂದು ದಾರಿ ಇದೆ" ಎಂದ ಟೆಂಪೆಸ್ಟ್. "ಹೆಸರು ಕೂಗಿದಾಗ ನಾನು ಪುರಾವೆ ತೋರಿಸ್ದೆ ಸುಮ್ನಿದ್ರೆ ಆಕ್ಷೇಪಣೆ ಬಿದ್ದೋಗತ್ತೆ. ಟೋರಿಗಳವನು ಕಿರುಚ್ತಾನೆ, ನಮ್ಮ ಹನ್ನೊಂದು ಜನರನ್ನ ಈ ಲಿಬರಲ್‌ನವರು ಇದೇ ಧರ್ಮಾರ್ಥದ ಮೇಲೆ ತೆಗೆಸಿ ತಮ್ಮೋರನ್ನ ಉಳಿಸ್ಕೊಂಡ್ರು ಅಂತಾನೆ, ಅನ್ಲಿ. ಆದ್ರೆ ನೀವು ಬೇಡ ಅಂತ ಬಾಯ್ಬಿಟ್ಟು ಹೇಳ್ಬೇಕು ಅಧ್ಯಕ್ಷರೇ. ಪುಸ್ತಕದಲ್ಲಿ ಆ ಪ್ರಶ್ನೆ ಚಿಹ್ನೆ ಹಾಕಿದ್ದು ನಿಮ್ಮ ಕೈಯೇ."

ಬೇಡ ಎಂಬುದು ಎಷ್ಟು ಸಣ್ಣ ಮಾತು. ಜೇಬೆಜ್ ಬಾಯಿ ತೆರೆದ. "ನೋಡೋಣ" ಎಂದ.

ಪ್ರಶ್ನೆ ಚಿಹ್ನೆ ಹಾಕಿದ್ದು ಅವನ ಕೈಯೇ, ನಿಜ. ಮೇ ತಿಂಗಳಲ್ಲಿ ನೇಕಾರರ ಅಂಗಳಕ್ಕೆ ಪುಸ್ತಕ ಹಿಡಿದು ತಾನೇ ಹೋಗಿದ್ದ; ಅಧ್ಯಕ್ಷನಾದವನು ತಾನೂ ಒಂದು ಬೀದಿ ಸುತ್ತಬೇಕು ಎಂದು ತೋರಿಸಲು. ಒಂಬತ್ತನೆಯ ಮನೆಯಲ್ಲಿ ಇದು ಬರಿಯ ಔಪಚಾರಿಕತೆ ಎಂದುಕೊಂಡಿದ್ದ. ಸಿಮಿಯನ್ ಸಂಘದ ಮೊದಲ ದಿನದ ಸದಸ್ಯ. ಭಾನುವಾರದ ಶಾಲೆಯಲ್ಲಿ ಜೇಬೆಜ್‌ಗೆ ಅಕ್ಷರ ಕಲಿಸಿದವನು. ಹರೆಯದಲ್ಲಿ ಎಲ್ಲರಿಗೂ ಮತ ಬೇಕೆಂದು, ಅದೂ ಗುಟ್ಟಿನ ಮತ ಬೇಕೆಂದು ಬೆಟ್ಟದ ಮೇಲಿನ ಸಭೆಗಳಿಗೆ ಬಾವುಟ ಹೊತ್ತು ನಡೆದವನು. ಅವನಿಗೆ ಮತ ಬಂದಾಗ ಐವತ್ತೇಳು ವರ್ಷವಾಗಿತ್ತು. ಆಗಿನ್ನೂ ಮತ ಎಂದರೆ ಹಲಗೆಯ ಅಟ್ಟ ಹತ್ತಿ ಎಲ್ಲರ ಎದುರು ಕೂಗಿ ಹೇಳುವುದು. ಸಿಮಿಯನ್ ಕೂಗಿ ಹೇಳಿದ. ಕೆಳಗೆ ಮಿಲ್ಲಿನ ಗುಮಾಸ್ತ ಬರೆದುಕೊಂಡ. ಸೋಮವಾರ ಅವನ ಮಗ್ಗದ ಮುಂದೆ ಬೇರೆ ಯಾರೋ ನಿಂತಿದ್ದರು. ನಾಲ್ಕು ವರ್ಷದ ಮೇಲೆ ಗುಟ್ಟಿನ ಮತಪತ್ರ ಬಂತು. ಅಂದಿನಿಂದ ಅವನು ಯಾರಿಗೂ ಹೇಳಿದ್ದಿಲ್ಲ, ಹೆಂಡತಿಗೂ ಹೇಳುತ್ತಿರಲಿಲ್ಲವಂತೆ. ಇದೆಲ್ಲ ಗೊತ್ತಿದ್ದೂ ಜೇಬೆಜ್ ನಗುತ್ತ, ಏನು ಬರೆದುಕೊಳ್ಳಲಿ ಎಂದ. ಮುದುಕ ಬಾಗಿಲಿಗೆ ಅಡ್ಡ ನಿಂತು ಪುಸ್ತಕವನ್ನೇ ನೋಡಿದ.

"ಏನೂ ಬರ್ಕೋಬೇಡ."

"ನನಗೂ ಹೇಳಲ್ವಾ?"

"ನಿನಗಂತೂ ಹೇಳೋದೇ ಇಲ್ಲ ಕಣಯ್ಯಾ. ಒಳಗೆ ಬಾ, ರೊಟ್ಟಿ ತಿನ್ನು, ಏನ್ ಬೇಕಾದ್ರೂ ಮಾತಾಡೋಣ. ಪುಸ್ತಕ ಹಿಡ್ಕಂಡು ಬಾಗಿಲಲ್ಲಿ ನಿಂತೋನಿಗೆ ಹೇಳಲ್ಲ."

ಪಕ್ಕದ ಮನೆಯ ಹೆಂಗಸರಿಬ್ಬರು ಬಟ್ಟೆ ಹಿಂಡುವುದನ್ನು ಬಿಟ್ಟು ಕೇಳುತ್ತಿದ್ದರು. ಒಬ್ಬಳು ನಕ್ಕಳು. ಆ ನಗೆ ಈಗ ಈ ಮೆಟ್ಟಿಲ ಮೇಲೂ ಅವನ ಕಿವಿಯಲ್ಲಿತ್ತು. ಅಂಗಳ ದಾಟಿ ಮೂಲೆಗೆ ಬಂದ ಮೇಲೆ ಗೋಡೆಗೆ ಪುಸ್ತಕ ಒತ್ತಿ ಹಿಡಿದು ಆ ಹೆಸರಿನ ಮುಂದೆ ಪ್ರಶ್ನೆ ಚಿಹ್ನೆ ಹಾಕಿದ. ನಿಯಮದ ಪ್ರಕಾರ ಅದೇ ಸರಿ, ಉತ್ತರ ಕೊಡದವನು ಪ್ರಶ್ನೆ ಚಿಹ್ನೆ. ಆದರೆ ಸೀಸದಕಡ್ಡಿ ಕಾಗದವನ್ನು ಹರಿಯುವಷ್ಟು ಗಟ್ಟಿಯಾಗಿ ಒತ್ತಬೇಕೆಂಬ ನಿಯಮವೇನೂ ಇರಲಿಲ್ಲ.

ಕೋರ್ಟು ನಡೆಯುತ್ತಿದ್ದುದು ಕೌನ್ಸಿಲಿನ ಕೋಣೆಯಲ್ಲಿ. ಪಟ್ಟಿ ಪರಿಶೀಲಿಸಲು ಬಂದ ಬ್ಯಾರಿಸ್ಟರ್‌ಗೆ ನೆಗಡಿಯಾಗಿತ್ತು. ಮಾತು ಮಾತಿಗೂ ಕರವಸ್ತ್ರ. ಅವನ ಮುಂದೆ ಪಟ್ಟಿ, ಅಳತೆಪಟ್ಟಿ, ಕೆಂಪು ಮಸಿ. ಒಂದು ಕಡೆ ಟೆಂಪೆಸ್ಟ್, ಇನ್ನೊಂದು ಕಡೆ ಟೋರಿಗಳ ಏಜೆಂಟ್, ಹಿಂದಿನ ಬೆಂಚುಗಳಲ್ಲಿ ತಮ್ಮ ಹೆಸರು ಉಳಿಸಿಕೊಳ್ಳಲು ಅರ್ಧ ದಿನದ ಕೆಲಸ ಬಿಟ್ಟು ಬಂದ ಗಂಡಸರು. ಒಬ್ಬ ಬಣ್ಣಗಾರ ತನ್ನ ಮನೆಗೆ ಸ್ವಂತ ಬಾಗಿಲಿದೆ ಎಂದು ವಿವರಿಸಲು ಹೋಗಿ, ಅತ್ತೆಯ ಕೋಣೆಯ ಮೂಲಕ ಹಾದು ಹೋಗಬೇಕೆಂದು ಒಪ್ಪಿಕೊಳ್ಳಬೇಕಾಗಿ ಬಂದು ಎಲ್ಲರೂ ನಕ್ಕರು. ಇನ್ನೊಬ್ಬನ ತಮ್ಮ ಸತ್ತಿದ್ದ, ಪಟ್ಟಿಯಲ್ಲಿ ಇವನೇ ಸತ್ತಿದ್ದ. ಜೇಬೆಜ್ ಪಕ್ಕದ ಗೋಡೆಗೆ ಒರಗಿ ನಿಂತ. ಸಿಮಿಯನ್ ಮೂರನೆಯ ಬೆಂಚಿನಲ್ಲಿ, ಚಾಪೆಲ್ಲಿನ ಕೋಟು ತೊಟ್ಟು, ಕೋಲಿನ ಮೇಲೆ ಎರಡೂ ಕೈ ಇಟ್ಟು ಕೂತಿದ್ದ. ಜೇಬೆಜ್‌ನನ್ನು ಕಂಡು ತಲೆ ಆಡಿಸಿದ. ಕೆಜಾಯಾ ಹೇಳಿದ್ದು ನೆನಪಾಗಿ ಜೇಬೆಜ್ ಕಣ್ಣು ತಗ್ಗಿಸದೆ ನೋಡಿದ. ಅದು ಎಷ್ಟು ಹೊತ್ತಾಯಿತೆಂದರೆ ಮುದುಕನೇ ಗಲಿಬಿಲಿಗೊಂಡು ಬೇರೆ ಕಡೆ ತಿರುಗಿದ.

ಫೆಬ್ರವರಿಯಲ್ಲಿ ಟಾಬಿತಾ, ಸಿಮಿಯನ್‌ನ ಹೆಂಡತಿ, ಉಸಿರಾಡಲಾರದೆ ಒದ್ದಾಡುತ್ತಿದ್ದಳು. ಖಾಸಗಿ ಡಾಕ್ಟರನ್ನು ಕರೆಸುವ ಶಕ್ತಿ ಅವರಿಗಿರಲಿಲ್ಲ. ಧರ್ಮಾರ್ಥದ ಡಾಕ್ಟರ್ ಬೇಡವೆಂದು ಹಟ ಹಿಡಿದಿದ್ದವನು ಸಿಮಿಯನ್ ಅಲ್ಲ, ಅವಳು. ಇವರ ಮತ ಹೋಗುತ್ತದೆ ಎಂದು ಏದುಸಿರಿನ ನಡುವೆ ಹೇಳಿದಳು. ಜೇಬೆಜ್ ಅವಳ ಹಾಸಿಗೆಯ ಪಕ್ಕದಲ್ಲಿ ಕೂತು ನಕ್ಕಿದ್ದ. ಆಕ್ಷೇಪಣೆ ಹಾಕುವವರು ಯಾರು ತಾಯಿ, ನಾವೇ ತಾನೇ, ಅಧ್ಯಕ್ಷ ನಾನೇ ತಾನೇ ಎಂದಿದ್ದ. ಅವಳು ಅವನ ಮುಖ ನೋಡಿ, ಹಾಗಾದರೆ ಕರೆಸಿ ಎಂದಳು. ಜೇಬೆಜ್ ತಾನೇ ಚೀಟಿ ಬರೆದು ಡಾಕ್ಟರನ್ನು ಕರೆಸಿದ. ಹನ್ನೆರಡು ದಿನ ಬಂದ ಡಾಕ್ಟರ್. ಹದಿಮೂರನೆಯ ದಿನ ಅವಳು ಹೋದಳು. ಹೆಣ ಎತ್ತಿದವರಲ್ಲಿ ಜೇಬೆಜ್ ಮುಂದಿನ ಬಲಗಡೆಯವನು.

"ಲಂಬ್, ಸಿಮಿಯನ್" ಎಂದು ಗುಮಾಸ್ತ ಕೂಗಿದ.

ಆಕ್ಷೇಪಿಸಿದವರು ಹಾರ್ಸ್‌ಫಾಲ್, ಪುರಾವೆ ಇದೆಯೇ ಎಂದು ಬ್ಯಾರಿಸ್ಟರ್ ಕೇಳಿದ. ಟೆಂಪೆಸ್ಟ್ ಧರ್ಮಾರ್ಥದ ದಾಖಲೆ ಪುಸ್ತಕದ ಮೇಲೆ ಬೆರಳಿಟ್ಟು ಜೇಬೆಜ್ ಕಡೆ ತಿರುಗಿದ. ತಲೆ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಆಡಿಸಿದ್ದರೆ ಸಾಕಿತ್ತು. ಟೋರಿಗಳ ಏಜೆಂಟ್ ಬಾಯಿಯ ಮೂಲೆಯಲ್ಲಿ ನಗುತ್ತ ಅದನ್ನೇ ಕಾಯುತ್ತಿದ್ದ; ಹಿಂದಿನ ಸಾಲಿನಲ್ಲಿ ಡೆನ್ಬಿ, ಕೈಗವಸು ಬಿಚ್ಚುತ್ತ. ಜೇಬೆಜ್ ತನ್ನ ಟೊಪ್ಪಿಗೆಯೊಳಗಿನ ಪಟ್ಟಿ ಹರಿದಿರುವುದನ್ನು ಗಮನಿಸಿದ. ಹೊಲಿಸಬೇಕು ಎಂದುಕೊಂಡ. ನಿಜವಾಗಿ ಹಾಗೆಂದುಕೊಂಡ, ಅಷ್ಟು ಹೊತ್ತೂ ಅವನ ತಲೆಯಲ್ಲಿ ಇದ್ದುದು ಆ ಹೊಲಿಗೆಯೊಂದೇ. ಆಗ ಬೆಂಚಿನ ಕಡೆಯಿಂದ ಕೋಲು ನೆಲಕ್ಕೆ ತಾಗಿದ ಸದ್ದಾಯಿತು.

"ಪುರಾವೆ ಯಾಕೆ ಸ್ವಾಮಿ" ಎಂದ ಸಿಮಿಯನ್. "ನಿಜಾನೇ ಅದು. ನನ್ನ ಹೆಂಡ್ತಿಗೆ ಹನ್ನೆರಡು ದಿನ ಧರ್ಮಾರ್ಥದ ಡಾಕ್ಟ್ರು ಬಂದಿದ್ರು."

ಬ್ಯಾರಿಸ್ಟರ್ ಕರವಸ್ತ್ರ ಕೆಳಗಿಟ್ಟ. ನೀವಾಗಿ ಹೇಳಬೇಕಾಗಿಲ್ಲ, ಪುರಾವೆ ಒದಗಿಸುವುದು ಅವರ ಜವಾಬ್ದಾರಿ ಎಂದು ಮೆಲ್ಲಗೆ ಹೇಳಿದ. ಅದು ಗೊತ್ತು ಎಂದ ಮುದುಕ; ಆದರೆ ಸುಮ್ಮನಿದ್ದು ಉಳಿಸಿಕೊಂಡ ಮತ ಹಾಕಲು ಕೈ ಬರುವುದಿಲ್ಲ. ಡಾಕ್ಟರನ್ನು ಕರೆಸಿದ್ದು ನೀವೇ ತಾನೇ ಎಂದು ಬ್ಯಾರಿಸ್ಟರ್ ಕೇಳಿದಾಗ ಜೇಬೆಜ್ ಗೋಡೆಗೆ ಇನ್ನಷ್ಟು ಒತ್ತಿಕೊಂಡ. ಸಿಮಿಯನ್ ಅವನ ಕಡೆ ನೋಡಲೇ ಇಲ್ಲ. ಬಾಗಿಲು ತೆಗೆದವನು ನಾನು ಎಂದ. ಅಳತೆಪಟ್ಟಿ ಇಟ್ಟು ಕೆಂಪು ಗೆರೆ ಎಳೆಯಲು ಎರಡು ಕ್ಷಣ ಹಿಡಿಯಿತು. ಮುಂದಿನ ವರ್ಷ ಮತ್ತೆ ಸೇರಬಹುದು, ತಿಳಿಯಿತೇ ಎಂದು ಬ್ಯಾರಿಸ್ಟರ್ ಹೇಳಿದ್ದಕ್ಕೆ ಸಿಮಿಯನ್, ದೇವರು ಬಿಟ್ಟರೆ, ಎಂದು ನಮಸ್ಕರಿಸಿ ಹೊರಟ. ಐವತ್ತೇಳು ವರ್ಷ ಕಾದು, ಮೂರೇ ಮೂರು ಸಲ ಮತ ಹಾಕಿದ್ದ ಮನುಷ್ಯ.

ಮೊದಲು ಬಂದದ್ದು ನೆಮ್ಮದಿ. ಜೇಬೆಜ್ ಅದನ್ನು ತಡೆಯಲು ನೋಡಿದ, ಆಗಲಿಲ್ಲ. ಚೀಟಿ ಬರೆದವನ ಹೆಸರು ಹೊರಬೀಳಲಿಲ್ಲ, ತಾನು ತಲೆ ಆಡಿಸಲೂ ಬೇಕಾಗಲಿಲ್ಲ, ಎಲ್ಲ ಅವನೇ ಮುಗಿಸಿಕೊಟ್ಟ. ನೆಮ್ಮದಿಯ ಹಿಂದೆಯೇ ಹಸಿವು. ಬೆಳಿಗ್ಗೆ ಗಂಜಿ ನುಂಗದ ಹೊಟ್ಟೆ ಈಗ ಹಂದಿಮಾಂಸದ ಕಡುಬು ಬೇಕೆಂದು ನಾಚಿಕೆಯಿಲ್ಲದೆ ಕೇಳುತ್ತಿತ್ತು. ಮಾರುಕಟ್ಟೆಯ ಮೂಲೆಯಲ್ಲಿ ನಿಂತು ಒಂದನ್ನು ತಿಂದ, ಗದ್ದಕ್ಕೆ ಹತ್ತಿದ ಜಿಡ್ಡನ್ನು ಅಂಗೈಯಿಂದ ಒರೆಸಿಕೊಳ್ಳುತ್ತಿದ್ದಾಗ ಸಿಮಿಯನ್ ಎದುರಿಗೆ ಬಂದ.

"ಮುಖ ಯಾಕೆ ಹಂಗ್ ಮಾಡ್ಕೊಂಡಿದೀಯ" ಎಂದ ಮುದುಕ. "ನೀನು ಓದ್ಲಿಲ್ಲ, ಅಷ್ಟೇ ತಾನೇ? ಓದಿದ್ರೆ ಹಾಕ್ತಿರ್ಲಿಲ್ಲ. ನನಗಷ್ಟು ಸಾಕು."

ಬಾಯಿಯಲ್ಲಿ ಕಡುಬಿತ್ತು. ಜೇಬೆಜ್ ತಲೆ ಆಡಿಸಿದ. ಬೆಳಿಗ್ಗೆ ಬೇಕಾದಾಗ ಆಡದ ತಲೆ ಈಗ ತಾನಾಗಿಯೇ ಆಡಿತು. ಮುದುಕ ಅವನ ತೋಳು ತಟ್ಟಿ, ಮೂರಕ್ಕೆ ಬರುತ್ತೇನೆ, ಸಂಘಕ್ಕೆ ಸೇರಿದವನಿಗೆ ಪಟ್ಟಿ ಗಿಟ್ಟಿ ಇಲ್ಲವಲ್ಲ, ಅಲ್ಲಿ ಇನ್ನೂ ನನ್ನ ಕೈ ಎಣಿಕೆಗೆ ಬರುತ್ತದೆ ಎಂದು ಹೇಳಿ ಹೋದ. ಅದರಲ್ಲಿ ಚುಚ್ಚುಮಾತು ಇದೆಯೇ ಎಂದು ಜೇಬೆಜ್ ಮೂರು ಗಂಟೆಯವರೆಗೂ ಹುಡುಕಿದ. ಇರಲಿಲ್ಲ. ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಭಾನುವಾರದ ಶಾಲೆಯ ಬೆಂಚುಗಳು ಮಕ್ಕಳ ಅಳತೆಯವು. ಇನ್ನೂರು ಚಿಲ್ಲರೆ ಗಂಡಸರು ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತಿದ್ದರು. ಹಿಂದುಗಡೆ ಹೆಂಗಸರು ಚಹಾದ ದೊಡ್ಡ ಪಾತ್ರೆ ಕಾಯಿಸುತ್ತಿದ್ದರು, ಹ್ಯಾಮ್ ಕತ್ತರಿಸುವ ಸದ್ದು. ವರದಿ ಓದಿದ್ದಾಯಿತು. ಉಪಾಧ್ಯಕ್ಷ ಪೊಲಾರ್ಡ್, ಚಾಪೆಲ್ಲಿನ ಹಿರಿಯ, ಜೇಬೆಜ್‌ನ ಹೆಸರನ್ನು ಇನ್ನೊಂದು ವರ್ಷಕ್ಕೆ ಸೂಚಿಸಿದ. ಆಗ ಡೆನ್ಬಿ ಎದ್ದು ನಿಂತ. ಅವನು ದನಿ ಏರಿಸುವವನಲ್ಲ. ಒಂದೇ ಒಂದು ಪ್ರಶ್ನೆ ಎಂದ. ಈ ಸಂಘದ ಮೊದಲ ದಿನದ ಸದಸ್ಯರೊಬ್ಬರ ಮತವನ್ನು ಇಂದು ಬೆಳಿಗ್ಗೆ ಕಿತ್ತು ಹಾಕಿದ್ದು ಟೋರಿಗಳಲ್ಲ, ನಮ್ಮ ಅಧ್ಯಕ್ಷರ ಸಹಿ. ಇದಕ್ಕೆ ಅಧ್ಯಕ್ಷರು ಏನು ಹೇಳುತ್ತಾರೆ? ಜೇಬೆಜ್ ಉತ್ತರಕ್ಕೆ ಸಿದ್ಧನಾಗಿಯೇ ಬಂದಿದ್ದ. ನಾನೂರ ಹನ್ನೆರಡು, ಒಂದೇ ಮಧ್ಯಾಹ್ನ, ಓದಲು ಯಾರಿಗೆ ಸಾಧ್ಯ. ಮಾತು ನಾಲಗೆಯ ಮೇಲಿತ್ತು. ಆದರೆ ಅವನಿಗಿಂತ ಮೊದಲು ಕಿಟಕಿಯ ಪಕ್ಕದಿಂದ ಸಿಮಿಯನ್ ಎದ್ದ.

"ಹೋಗಿದ್ದು ನನ್ನ ಮತ. ಅದರ ಬಗ್ಗೆ ನಾನ್ ಮಾತಾಡ್ಬೋದಲ್ಲ" ಎಂದ. "ಅವನು ನನ್ನ ಮನೆಗೆ ಬಂದು ಹೇಳಿದ್ದಾನೆ, ಓದ್ದೆ ಸಹಿ ಹಾಕ್ದೆ ಅಂತ. ಇವನಿಗೆ ಅಕ್ಷರ ಕಲಿಸ್ದೋನು ನಾನು, ಇದೇ ಕೋಣೇಲಿ. ಇವತ್ತಿನ ತನಕ ನನಗೆ ಒಂದು ಸುಳ್ಳು ಹೇಳಿಲ್ಲ ಇವನು. ಡೆನ್ಬಿಯವ್ರು ಕೂತ್ಕೋಬೇಕು."

ಬೆಂಚುಗಳ ತುಂಬ ಹೌದು ಹೌದು ಎಂಬ ಗುಜುಗುಜು. ಡೆನ್ಬಿ ಕೂತ. ಇನ್ನೇನೂ ಬೇಕಿರಲಿಲ್ಲ, ಕೃತಜ್ಞತೆಯ ನಾಲ್ಕು ಮಾತು, ಕೈ ಎತ್ತುವುದು, ಚಹಾ. ಜೇಬೆಜ್ ಎದ್ದಾಗ ಅವನಿಗೆ ಬೇರೇನನ್ನೂ ಹೇಳುವ ಇರಾದೆ ಇರಲಿಲ್ಲ. ಮುದುಕನ ಮುಖ ಕಂಡಿತು. ಹಾಸಿಗೆಯ ಮೇಲಿನ ಟಾಬಿತಾಳ ಮುಖವೂ ಹೀಗೆಯೇ ನಂಬಿತ್ತು. ಇನ್ನು ಎಷ್ಟು ಜನ, ಎಷ್ಟು ಸಲ, ಎಂದು ಅವನಿಗೆ ಒಮ್ಮೆಲೇ ಸುಸ್ತಾಯಿತು. ಅದು ಧೈರ್ಯವಲ್ಲ, ಸುಸ್ತು.

"ನಾನು ಓದಿದೆ" ಎಂದ. "ಆ ಹೆಸರು ಓದಿ, ಓದಿ ಆದ್ಮೇಲೇ ಸಹಿ ಹಾಕಿದ್ದು. ತಪ್ಪು ಟೆಂಪೆಸ್ಟರದಲ್ಲ, ಬೇರೆ ಯಾರದ್ದೂ ಅಲ್ಲ. ನನ್ನದು."

ಹೇಳುತ್ತಿರುವಾಗಲೇ ಅವನಿಗೆ ಕೇಳಿಸಿತು, ತನ್ನ ದನಿ ವೇದಿಕೆಯ ದನಿಯಾಗಿಬಿಟ್ಟಿದೆ. ಎರಡು ವರ್ಷದ ಅಭ್ಯಾಸ. ನಿಲ್ಲಿಸಬೇಕಾದ ಕಡೆ ನಿಲ್ಲಿಸಿ, ಕೊನೆಯ ಮಾತನ್ನು ತಗ್ಗಿಸಿ ಹೇಳಿತ್ತು ಬಾಯಿ. ಯಾರೋ ಬೆಂಚು ತಟ್ಟಿದರು. ಆಮೇಲೆ ಎಲ್ಲರೂ. ಸಂಬಳದ ಏಜೆಂಟನ ತಪ್ಪನ್ನು ತನ್ನ ಮೈಮೇಲೆ ಎಳೆದುಕೊಳ್ಳುವ ಅಧ್ಯಕ್ಷ ಎಂದುಕೊಂಡಿದ್ದರು ಅವರು. ಅದಪ್ಪಾ ಮನುಷ್ಯ ಎಂದರೆ, ಎಂದು ಮೀನಿನಂಗಡಿಯವನು ಪಕ್ಕದವನಿಗೆ ಕೇಳಿಸುವಂತೆ ಹೇಳಿದ. ಟೆಂಪೆಸ್ಟ್‌ನ ಕಣ್ಣು ಒದ್ದೆಯಾಗಿತ್ತು. ಇಲ್ಲ, ಹಾಗಲ್ಲ, ಕೇಳಿ ಎಂದು ಜೇಬೆಜ್ ಕೈ ಎತ್ತಿದ. ಅದನ್ನೂ ಅವರು ವಿನಯವೆಂದೇ ತಿಳಿದು ಇನ್ನಷ್ಟು ತಟ್ಟಿದರು. ಡೆನ್ಬಿ ಕೂಡ ಸೋತವನ ಸಭ್ಯತೆಯಿಂದ ಎರಡು ಬೆರಳು ತಟ್ಟಿದ. ತಟ್ಟದೆ ಇದ್ದವನು ಒಬ್ಬನೇ. ಕಾಗುಣಿತ ತಪ್ಪಿದ ದಿನಗಳಿಂದ ಈ ಹುಡುಗನ ದನಿ ಕೇಳಿ ಬಲ್ಲವನು. ಸಿಮಿಯನ್ ಇನ್ನೂ ನಿಂತೇ ಇದ್ದ. ನಿಧಾನವಾಗಿ, ಬೆಂಚು ಎಲ್ಲಿದೆಯೆಂದು ಕೈಯಿಂದ ಹುಡುಕಿಕೊಂಡು ಕೂತ.

ಪರವಾಗಿರುವವರು ಕೈ ಎತ್ತಿ ಎಂದ ಪೊಲಾರ್ಡ್. ಕೋಣೆಯ ತುಂಬ ಕೈಗಳು ಎದ್ದವು. ಕಿಟಕಿಯ ಪಕ್ಕದಲ್ಲಿ ಎರಡು ಕೈ ಕೋಲಿನ ಮೇಲೆ ಇದ್ದಂತೆಯೇ ಇದ್ದವು. ವಿರೋಧ ಎಂದ ಪೊಲಾರ್ಡ್, ಯಾರೂ ಎತ್ತಲಿಲ್ಲ, ಆ ಎರಡು ಕೈಗಳೂ ಏಳಲಿಲ್ಲ. ಸರ್ವಾನುಮತ ಎಂದು ಕಾರ್ಯದರ್ಶಿ ದಪ್ಪ ಅಕ್ಷರದಲ್ಲಿ ಬರೆದ. ಹಿಂದೆ ಬಟ್ಟಲುಗಳ ಸದ್ದು ಶುರುವಾಗಿತ್ತು.

"ಎಣಿಸಿ" ಎಂದ ಜೇಬೆಜ್.

ಎಣಿಸೋದೇನಿದೆ ಎಂದು ಪೊಲಾರ್ಡ್ ನಕ್ಕ. ಎತ್ತಿದ ಕೈಗಳನ್ನು ಎಣಿಸಬೇಕು, ಬಂದಿರುವ ತಲೆಗಳನ್ನೂ ಎಣಿಸಬೇಕು ಎಂದು ಜೇಬೆಜ್ ಮತ್ತೆ ಹೇಳಿದ. ಈ ಸಲ ದನಿ ವೇದಿಕೆಯದಾಗಿರಲಿಲ್ಲ, ಒಡೆದಿತ್ತು. ಜನ ಗೊಣಗುತ್ತ ಮತ್ತೆ ಕೈ ಎತ್ತಿದರು. ಪೊಲಾರ್ಡ್ ಬೆರಳು ಚಾಚಿ ಸಾಲು ಸಾಲಾಗಿ ನಡೆದ. ಎರಡು ಸಲ ತಪ್ಪಿ ಮೊದಲಿನಿಂದ ಶುರುಮಾಡಿದ. ಎತ್ತಿದ ಕೈ ನೋಯುತ್ತದೆ ಎಂದು ಯಾರೋ ನಗೆಯಾಡಿದರು. ಅಷ್ಟು ಹೊತ್ತೂ ಸಿಮಿಯನ್ ಜೇಬೆಜ್‌ನನ್ನು ನೋಡುತ್ತಿದ್ದ. ಕೋಪವಿರಲಿಲ್ಲ ಆ ನೋಟದಲ್ಲಿ, ಪ್ರೀತಿಯೂ ಇರಲಿಲ್ಲ. ಇವನು ಯಾರು ಎಂದು ಕೇಳುವ ನೋಟ ಅದು. ಜೇಬೆಜ್ ಕಣ್ಣು ತಗ್ಗಿಸಿದ.

ಅಧ್ಯಕ್ಷರನ್ನು ಬಿಟ್ಟು ಹಾಜರು ಇನ್ನೂರ ಆರು, ಎದ್ದ ಕೈ ಇನ್ನೂರ ಐದು.

"ಸರ್ವಾನುಮತ ಅಲ್ಲ. ಒಂದು ಕೈ ಎದ್ದಿಲ್ಲ. ಹಾಗೇ ಬರೀರಿ."

ಕೈ ಎತ್ತದವರ ಹೆಸರು ಬರೆಯಬೇಕೇ ಎಂದು ಕಾರ್ಯದರ್ಶಿ ಕತ್ತು ಉದ್ದ ಮಾಡಿ ಬೆಂಚುಗಳ ಕಡೆ ನೋಡಿದ. ಬೇಡ ಎಂದ ಜೇಬೆಜ್. ಬೆಳಗಿನಿಂದ ಬಾಯಿಗೆ ಬಾರದಿದ್ದ ಮಾತು ಈಗ ಸಲೀಸಾಗಿ ಬಂತು, ಯಾರಿಗೂ ಉಪಯೋಗವಿಲ್ಲದ ಹೊತ್ತಿನಲ್ಲಿ. ಕಾರ್ಯದರ್ಶಿ ದಪ್ಪ ಅಕ್ಷರದ ಮೇಲೆ ಗೆರೆ ಎಳೆದು ಸಂಖ್ಯೆ ಬರೆದ. ಸಿಮಿಯನ್ ಎದ್ದ. ಚಹಾಕ್ಕೆ ನಿಲ್ಲಲಿಲ್ಲ. ಬೆಂಚಿನವರು ಮೊಣಕಾಲು ಮಡಿಸಿ ದಾರಿ ಬಿಟ್ಟರು, ಪಾಪ ಎಂದು ಒಬ್ಬ ಬೆನ್ನು ಸವರಿದ. ಅವನು ಬಾಗಿಲು ದಾಟುವಷ್ಟರಲ್ಲಿ ಜೇಬೆಜ್‌ನ ಸುತ್ತ ಜನ ಸೇರಿದ್ದರು, ಒಬ್ಬೊಬ್ಬರಾಗಿ ಕೈ ಕುಲುಕುತ್ತಿದ್ದರು. ಅವನು ಇನ್ನೊಂದು ವರ್ಷಕ್ಕೆ ಅಧ್ಯಕ್ಷನಾಗಿದ್ದ.